ಆಟದ ಖರ್ಚು ಆಡದವರ ತಲೆಗೇಕೆ?

ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ 2025ರ ಜೂನ್ 6ರಂದು ಒಪ್ಪಿಗೆ ಕೊಟ್ಟ ರಾಜಿ ಒಪ್ಪಂದವೊಂದು ಅಮೆರಿಕದ ವಿಶ್ವವಿದ್ಯಾಲಯಗಳ ಕ್ರೀಡಾ ವಿಭಾಗಗಳ ಲೆಕ್ಕಪುಸ್ತಕವನ್ನೇ ಬದಲಿಸಿತು. ಅಲ್ಲಿನ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಎಂಬ ಸಂಸ್ಥೆ, ಆಟಗಾರ ವಿದ್ಯಾರ್ಥಿಗಳಿಗೆ ಓದಿನ ಖರ್ಚು ಬಿಟ್ಟು ಸಂಬಳ ಕೊಡಕೂಡದು ಎಂದು ದಶಕಗಳ ಕಾಲ ಪಟ್ಟು ಹಿಡಿದಿತ್ತು. ಈ ಒಪ್ಪಂದದ ಪ್ರಕಾರ ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ ಸಲ್ಲಬೇಕು. 2025–26ರ ಸಾಲಿನಲ್ಲಿ ಪ್ರತಿಯೊಂದು ದೊಡ್ಡ ವಿಶ್ವವಿದ್ಯಾಲಯವೂ ಈಗಿನ ಆಟಗಾರರಿಗೆ 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದು. ಮೈದಾನದಲ್ಲಿ ಬೆವರು ಸುರಿಸಿದವನಿಗೆ ಕೂಲಿ ಸಿಗುವುದು ನ್ಯಾಯವೇ. ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈ ಹೊಸ ಖರ್ಚು ಯಾರ ಜೇಬಿನಿಂದ ಬರಬೇಕು ಎಂಬ ಪ್ರಶ್ನೆಗೆ ಹಲವು ವಿಶ್ವವಿದ್ಯಾಲಯಗಳು ಕಂಡುಕೊಳ್ಳುತ್ತಿರುವ ಉತ್ತರ ತಪ್ಪು. ಅಮೆರಿಕನ್ ಫುಟ್‌ಬಾಲ್ ಆಡದ, ನೋಡಲೂ ಹೋಗದ, ಬೇರೆ ದಾರಿಯಿಲ್ಲದೆ ಶುಲ್ಕ ಕಟ್ಟುವ ಸಾಮಾನ್ಯ ವಿದ್ಯಾರ್ಥಿಯ ಕಡೆಗೆ ಅವು ಕೈಚಾಚುತ್ತಿವೆ. ವಿಶ್ವವಿದ್ಯಾಲಯದ ಹೆಸರಿನಲ್ಲಿ ನಡೆಯುವ ಈ ದೊಡ್ಡ ವ್ಯಾಪಾರ ತನ್ನ ಗಳಿಕೆಯಲ್ಲೇ ಬದುಕಬೇಕು, ವಿದ್ಯಾರ್ಥಿಗಳ ಮೇಲೆ ಹೇರಿರುವ ಕಡ್ಡಾಯ ಕ್ರೀಡಾ ಶುಲ್ಕ ಹೋಗಬೇಕು ಎನ್ನುವುದು ನನ್ನ ವಾದ.

ಮೊದಲು ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬೇಕು. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗ ನಮ್ಮ ಕಾಲೇಜುಗಳ ದೈಹಿಕ ಶಿಕ್ಷಣ ವಿಭಾಗದಂಥದ್ದಲ್ಲ. ಅದಕ್ಕೆ ತನ್ನದೇ ನಿರ್ದೇಶಕ, ತನ್ನದೇ ಬಜೆಟ್, ತನ್ನದೇ ವಕೀಲರು, ದೇಣಿಗೆ ಸಂಗ್ರಹಕ್ಕೆ ತನ್ನದೇ ಕಚೇರಿ ಇರುತ್ತವೆ. ಆದಾಯದ ಮೊದಲ ಮೂಲ ಟಿವಿ ಪ್ರಸಾರದ ಹಕ್ಕು. ಹಿಂದೆ ಹೀಗಿರಲಿಲ್ಲ. 1984ರವರೆಗೆ ಫುಟ್‌ಬಾಲ್ ಪ್ರಸಾರದ ಹಿಡಿತ ಪೂರ್ತಿಯಾಗಿ ಎನ್‌ಸಿಎಎ ಕೈಯಲ್ಲಿತ್ತು. ಯಾವ ತಂಡ ಎಷ್ಟು ಸಲ ಟಿವಿಯಲ್ಲಿ ಕಾಣಬೇಕು ಎಂಬುದನ್ನೂ ಅದೇ ತೀರ್ಮಾನಿಸುತ್ತಿತ್ತು. ಒಕ್ಲಹೋಮ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಆ ಏಕಸ್ವಾಮ್ಯವನ್ನು 7–2ರ ಬಹುಮತದಿಂದ ಮುರಿಯಿತು. ಅಂದು ಭಿನ್ನ ತೀರ್ಪು ಬರೆದವರು ಸ್ವತಃ ಕಾಲೇಜು ಫುಟ್‌ಬಾಲ್‌ನ ಹೆಸರಾಂತ ಆಟಗಾರರಾಗಿದ್ದ ನ್ಯಾಯಮೂರ್ತಿ ಬೈರನ್ ವೈಟ್. ಕಾನೂನಿನ ಮಾತು ಹೇಗೇ ಇರಲಿ, ಆ ತೀರ್ಪಿನ ನಂತರ ಹಕ್ಕುಗಳು ಕಾನ್ಫರೆನ್ಸ್ ಎಂದು ಕರೆಯುವ ವಿಶ್ವವಿದ್ಯಾಲಯಗಳ ಕೂಟಗಳ ಕೈಗೆ ಬಂದವು, ಬೆಲೆ ಏರುತ್ತಲೇ ಹೋಯಿತು. ಬಿಗ್ ಟೆನ್ ಕೂಟ 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ವಾಹಿನಿಗಳ ಜೊತೆ ಮಾಡಿಕೊಂಡ ಏಳು ವರ್ಷಗಳ ಒಪ್ಪಂದದ ಮೊತ್ತ ಸುಮಾರು 700 ಕೋಟಿ ಡಾಲರ್. ಕಾಲೇಜು ಫುಟ್‌ಬಾಲ್‌ನ ಪ್ಲೇಆಫ್ ಪಂದ್ಯಗಳಿಗಾಗಿಯೇ ಇಎಸ್‌ಪಿಎನ್ 2024ರಲ್ಲಿ ಆರು ವರ್ಷಕ್ಕೆ 780 ಕೋಟಿ ಡಾಲರ್ ಕೊಡಲು ಒಪ್ಪಿತು.

ಟಿವಿಯ ನಂತರ ಟಿಕೆಟ್ಟು, ಹಳೆಯ ವಿದ್ಯಾರ್ಥಿಗಳ ದೇಣಿಗೆ, ಜಾಹೀರಾತು. ದೇಣಿಗೆಯ ಒಳಗೂ ಒಂದು ಸೂಕ್ಷ್ಮವಿದೆ. ಒಳ್ಳೆಯ ಸೀಟು ಬೇಕಾದವರು ಟಿಕೆಟ್ಟಿನ ಬೆಲೆಯ ಮೇಲೆ ಕ್ರೀಡಾ ನಿಧಿಗೆ ‘ದಾನ’ವನ್ನೂ ಕೊಡಬೇಕು. 2017ರ ತೆರಿಗೆ ಕಾಯ್ದೆ ಬರುವವರೆಗೆ ಅಂಥ ದಾನದ ಶೇ 80ರಷ್ಟಕ್ಕೆ ಆದಾಯ ತೆರಿಗೆ ವಿನಾಯಿತಿ ಇತ್ತು. ಅಂದರೆ ಆ ಸೀಟಿನ ಖರ್ಚಿನಲ್ಲಿ ದೇಶದ ಬೊಕ್ಕಸವೂ ಪಾಲು ಹೊತ್ತಿತ್ತು. ಸಣ್ಣ ವಿಶ್ವವಿದ್ಯಾಲಯಗಳಿಗೆ ಇನ್ನೊಂದು ದಾರಿಯಿದೆ. ದೊಡ್ಡ ತಂಡದ ಊರಿಗೆ ಹೋಗಿ, ಅಲ್ಲಿನ ಪ್ರೇಕ್ಷಕರ ಮುಂದೆ ಆಡಿ, ಹೆಚ್ಚಿನ ಸಲ ಸೋತು, ಅದಕ್ಕೆ ನಿಗದಿಯಾದ ಹಣ ಪಡೆದು ಬರುವುದು. ಉತ್ತರ ಕ್ಯಾರೊಲಿನಾದ ಬೆಟ್ಟಸೀಮೆಯ ಅಪಲೇಷಿಯನ್ ಸ್ಟೇಟ್ ತಂಡ 2007ರಲ್ಲಿ 4 ಲಕ್ಷ ಡಾಲರ್‌ಗೆ ಮಿಷಿಗನ್‌ಗೆ ಹೋಗಿ, ಎಲ್ಲರ ನಿರೀಕ್ಷೆ ಸುಳ್ಳು ಮಾಡಿ ಗೆದ್ದೇ ಬಿಟ್ಟಿತು. 2022ರಲ್ಲಿ ಟೆಕ್ಸಸ್ ಎ ಅಂಡ್ ಎಂ ಅದೇ ತಂಡಕ್ಕೆ 15 ಲಕ್ಷ ಡಾಲರ್ ಕೊಟ್ಟು ಕರೆಸಿತು, ಅಲ್ಲೂ ಅದು ಗೆದ್ದಿತು. ಇಂಥ ಸಂತೋಷದ ಕತೆಗಳು ಅಪರೂಪ. ಬಹುಪಾಲು ಸಣ್ಣ ತಂಡಗಳು ತಮ್ಮ ಹುಡುಗರ ಮೈಮೂಳೆ ಪಣಕ್ಕಿಟ್ಟು ತಂದ ಈ ಹಣ ವರ್ಷದ ಕೊರತೆಯ ಒಂದು ಮೂಲೆಯನ್ನು ಮಾತ್ರ ತುಂಬುತ್ತದೆ.

ಇಷ್ಟೆಲ್ಲ ಮೂಲಗಳಿದ್ದೂ ಲೆಕ್ಕ ಕೂಡುವುದಿಲ್ಲ. ಎನ್‌ಸಿಎಎ ತಾನೇ ಪ್ರಕಟಿಸಿದ ಅಂಕಿಅಂಶದ ಪ್ರಕಾರ 2019ರಲ್ಲಿ ಅದರ ಸದಸ್ಯ ಸಂಸ್ಥೆಗಳ ಕ್ರೀಡಾ ವಿಭಾಗಗಳು ತೋರಿಸಿದ ಒಟ್ಟು ಆದಾಯ 1,890 ಕೋಟಿ ಡಾಲರ್. ಅದರಲ್ಲಿ ಕ್ರೀಡೆ ಸ್ವತಃ ಗಳಿಸಿದ್ದು 1,060 ಕೋಟಿ. ಉಳಿದ 830 ಕೋಟಿ ಡಾಲರ್ ಬಂದದ್ದು ಮುಖ್ಯವಾಗಿ ವಿಶ್ವವಿದ್ಯಾಲಯಗಳ ಸಾಮಾನ್ಯ ನಿಧಿ, ಸರ್ಕಾರದ ಅನುದಾನ ಮತ್ತು ವಿದ್ಯಾರ್ಥಿ ಶುಲ್ಕದಿಂದ. ಸುಮಾರು 1,100 ಸಂಸ್ಥೆಗಳ ಪೈಕಿ ತಮ್ಮ ಗಳಿಕೆಯಿಂದಲೇ ಖರ್ಚು ತೂಗಿಸಿ ಉಳಿಸಿದವು 25 ಮಾತ್ರ. ಕಾಲೇಜು ಫುಟ್‌ಬಾಲ್ ಎಂದರೆ ಚಿನ್ನದ ಗಣಿ ಎಂದು ನಂಬಿದವರು ಈ ಸಂಖ್ಯೆಯನ್ನು ಇನ್ನೊಮ್ಮೆ ಓದಬೇಕು. ಟಿವಿ ಪರದೆಯ ಮೇಲೆ ಕಾಣುವ ಲಕ್ಷ ಜನರ ಕ್ರೀಡಾಂಗಣಗಳು ಆ ಇಪ್ಪತ್ತೈದರ ಸುತ್ತಮುತ್ತಲಿನವು. ಉಳಿದ ಸಾವಿರಕ್ಕೂ ಹೆಚ್ಚು ಸಂಸ್ಥೆಗಳ ಕೊರತೆಯನ್ನು ತುಂಬುವುದು ಬೇರೆಯವರು.

ಆ ಬೇರೆಯವರಲ್ಲಿ ಹೆಚ್ಚು ಭಾರ ಹೊರುವವರು ಯಾರು ಎಂದು ನೋಡಿದರೆ ಅನ್ಯಾಯ ಸ್ಪಷ್ಟವಾಗುತ್ತದೆ. 2023–24ರಲ್ಲಿ 33 ಕೋಟಿ ಡಾಲರ್ ಆದಾಯ ತೋರಿಸಿದ ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್‌ನಂಥ ಶ್ರೀಮಂತ ವಿಭಾಗಗಳಿಗೆ ವಿದ್ಯಾರ್ಥಿ ಶುಲ್ಕದ ಹಂಗಿಲ್ಲ. ದೊಡ್ಡ ಟಿವಿ ಒಪ್ಪಂದವಿಲ್ಲದ ಮಧ್ಯಮ ದರ್ಜೆಯ ಸರ್ಕಾರಿ ವಿಶ್ವವಿದ್ಯಾಲಯಗಳು, ಸಾಧಾರಣ ಮನೆತನದ ಮಕ್ಕಳು ಸಾಲ ಮಾಡಿ ಓದಲು ಬರುವ ಜಾಗಗಳು, ಹೆಚ್ಚು ಶುಲ್ಕ ಹಾಕುತ್ತವೆ. ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿಯಿಂದ ವರ್ಷಕ್ಕೆ ಕ್ರೀಡೆಗೆಂದೇ ವಸೂಲಾಗುವ ಮೊತ್ತ 2,000 ಡಾಲರ್ ಮೀರಿದೆ. ನಾಲ್ಕು ವರ್ಷದ ಪದವಿಗೆ ಎಂಟು ಸಾವಿರ ಡಾಲರ್. ಇದನ್ನು ಸಾಲವಾಗಿ ತೆಗೆದರೆ ಬಡ್ಡಿ ಬೇರೆ. ಗ್ರಂಥಾಲಯದ ಪಾಳಿ ಮುಗಿಸಿ ಹೋಟೆಲಿನಲ್ಲಿ ತಟ್ಟೆ ತೊಳೆಯುವ ಹುಡುಗಿ ತನ್ನ ಕೆಲಸದ ಅದೆಷ್ಟೋ ವಾರಗಳ ದುಡಿಮೆಯನ್ನು ತಾನು ಎಂದೂ ಕಾಲಿಡದ ಕ್ರೀಡಾಂಗಣಕ್ಕೆ ಕೊಡುತ್ತಾಳೆ. ಈ ಮೊತ್ತ ಬೋಧನಾ ಶುಲ್ಕದ ಜೊತೆ ‘ಕಡ್ಡಾಯ ಶುಲ್ಕಗಳು’ ಎಂಬ ಒಂದೇ ಸಾಲಿನಲ್ಲಿ ಸೇರಿಕೊಂಡು ಬರುವುದರಿಂದ ಅವಳಿಗೆ ಅದು ಗೊತ್ತೂ ಆಗದಿರಬಹುದು. ಇನ್ನು, ರಾಷ್ಟ್ರೀಯ ಫುಟ್‌ಬಾಲ್ ಪ್ರಶಸ್ತಿಯನ್ನು 2016 ಮತ್ತು 2018ರ ಋತುಗಳಲ್ಲಿ ಗೆದ್ದ, ಹಣಕ್ಕೇನೂ ಕೊರತೆಯಿಲ್ಲದ ದಕ್ಷಿಣ ಕ್ಯಾರೊಲಿನಾದ ಕ್ಲೆಮ್ಸನ್ ವಿಶ್ವವಿದ್ಯಾಲಯ ಕೂಡ ರಾಜಿ ಒಪ್ಪಂದದ ಹಿಂದೆಯೇ, 2025ರಿಂದ ಪ್ರತಿ ಸೆಮಿಸ್ಟರಿಗೆ 150 ಡಾಲರ್ ಕ್ರೀಡಾ ಶುಲ್ಕ ಶುರು ಮಾಡಿತು. ಆಟಗಾರರಿಗೆ ಕೊಡಬೇಕಾದ ಪಾಲು ಬಂದ ಕೂಡಲೇ ಸಹಪಾಠಿಗಳ ಜೇಬು ನೆನಪಾಯಿತು.

ಕ್ರೀಡಾ ವಿಭಾಗಗಳಿಗೆ ಹಣ ನಿಜಕ್ಕೂ ಸಾಲದು, ಆದ್ದರಿಂದ ಶುಲ್ಕ ಅನಿವಾರ್ಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೊರತೆಗೆ ಕಾರಣ ಆದಾಯದ ಅಭಾವವಲ್ಲ, ಪೈಪೋಟಿ. ಖಾಸಗಿ ಕಂಪನಿಯಲ್ಲಿ ಲಾಭ ಕೇಳುವ ಷೇರುದಾರರಿರುತ್ತಾರೆ. ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕೆ ಅಂಥವರಿಲ್ಲ. ಅದನ್ನು ಅಳೆಯುವ ಮಾಪನ ಗೆಲುವೊಂದೇ. ಬಂದದ್ದೆಲ್ಲ ಗೆಲುವಿನ ಹಿಂದೆ ಹೋಗುತ್ತದೆ. ಪಕ್ಕದ ವಿಶ್ವವಿದ್ಯಾಲಯ ಹೊಸ ವ್ಯಾಯಾಮಶಾಲೆ ಕಟ್ಟಿದರೆ ಇಲ್ಲಿಯೂ ಕಟ್ಟಬೇಕು, ಅಲ್ಲಿ ಕೋಚ್‌ಗೆ ಸಂಬಳ ಏರಿದರೆ ಇಲ್ಲಿಯೂ ಏರಬೇಕು. ಇಷ್ಟು ವರ್ಷ ಆಟಗಾರನಿಗೆ ಸಂಬಳ ಕೊಡುವಂತಿರಲಿಲ್ಲವಾದ್ದರಿಂದ ಆ ಹಣ ಕೋಚ್‌ಗಳ ಕಡೆಗೆ ಹರಿಯಿತು. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ಗವರ್ನರ್ ಅಲ್ಲ, ಯಾವುದೋ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. ಟೆಕ್ಸಸ್ ಎ ಅಂಡ್ ಎಂ 2023ರಲ್ಲಿ ತನ್ನ ಕೋಚ್ ಜಿಂಬೊ ಫಿಶರ್ ಅವರನ್ನು ಕರಾರಿನ ಅವಧಿ ಮುಗಿಯುವ ಮೊದಲೇ ಕೆಲಸದಿಂದ ತೆಗೆದದ್ದಕ್ಕೆ ಕೊಡಲು ಒಪ್ಪಿದ ಮೊತ್ತ ಸುಮಾರು 7.6 ಕೋಟಿ ಡಾಲರ್. ಕೆಲಸ ಮಾಡದಿರುವುದಕ್ಕೆ ಕೊಡುವ ಹಣ ಇದು. ದೇಶದ ಅತಿ ಶ್ರೀಮಂತ ವಿಭಾಗಗಳಲ್ಲೊಂದಾದ ಒಹಾಯೊ ಸ್ಟೇಟ್ ಕೂಡ 2024ರ ಹಣಕಾಸು ವರ್ಷದಲ್ಲಿ ಸುಮಾರು 3.8 ಕೋಟಿ ಡಾಲರ್ ಕೊರತೆ ತೋರಿಸಿತು. ಕಾಲು ಶತಕೋಟಿ ಡಾಲರ್ ಗಳಿಸುವ ವಿಭಾಗವೂ ಕೊರತೆಯಲ್ಲಿದೆ ಎಂದರೆ, ಇನ್ನಷ್ಟು ಹಣ ಸುರಿದರೆ ಕೊರತೆ ನೀಗುತ್ತದೆ ಎಂದು ನಂಬಲು ಆಧಾರ ಉಳಿಯುವುದಿಲ್ಲ.

ಈ ಪೈಪೋಟಿ ಎಂಥ ಒಳ್ಳೆಯ ವಿದ್ಯಾಸಂಸ್ಥೆಯನ್ನೂ ಹೇಗೆ ಕಟ್ಟಿಹಾಕುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ ಸಾಕ್ಷಿ. ನೊಬೆಲ್ ಪುರಸ್ಕೃತರಿಗೆ ಹೆಸರಾದ ಜಾಗ ಅದು. ಅಲ್ಲಿನ ಮೆಮೋರಿಯಲ್ ಕ್ರೀಡಾಂಗಣ ಹೇವರ್ಡ್ ಎಂಬ ಭೂಕಂಪ ಬಿರುಕಿನ ಮೇಲೆಯೇ ಕೂತಿದೆ. ಬಿರುಕು ಮೈದಾನದ ಕೆಳಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾದುಹೋಗುತ್ತದೆ, ವರ್ಷ ವರ್ಷವೂ ಇಷ್ಟಿಷ್ಟೇ ಸರಿಯುತ್ತದೆ. ಕಟ್ಟಡವನ್ನು ಭದ್ರಪಡಿಸಲೇಬೇಕಾಗಿತ್ತು. ಸುಮಾರು 32 ಕೋಟಿ ಡಾಲರ್ ಖರ್ಚಿನಲ್ಲಿ ಬಿರುಕಿನ ಮೇಲಿನ ಭಾಗಗಳನ್ನು ಉಳಿದ ಕಟ್ಟಡದಿಂದ ಬೇರ್ಪಡಿಸಿ, ನೆಲ ಸರಿದಾಗ ಅವು ತಮ್ಮ ಪಾಡಿಗೆ ಸರಿಯುವಂತೆ ಮಾಡಿ, 2012ರಲ್ಲಿ ಮತ್ತೆ ತೆರೆದರು. ಎಂಜಿನಿಯರುಗಳ ಕೆಲಸ ಮೆಚ್ಚುವಂಥದ್ದು. ಹಣಕಾಸಿನ ಯೋಜನೆ ಮಾತ್ರ ಹಾಗಿರಲಿಲ್ಲ. ಒಳ್ಳೆಯ ಸೀಟುಗಳ ಹಕ್ಕನ್ನು ದಶಕಗಳ ಅವಧಿಗೆ, ಒಂದೊಂದನ್ನು ಹತ್ತಾರು ಸಾವಿರ, ಕೆಲವನ್ನು ಎರಡು ಲಕ್ಷಕ್ಕೂ ಹೆಚ್ಚು ಡಾಲರ್‌ಗೆ ಮಾರಿ ಸಾಲ ತೀರಿಸುತ್ತೇವೆ ಎಂಬುದು ಲೆಕ್ಕಾಚಾರ. ಕೊಳ್ಳುವವರು ಅಂದುಕೊಂಡಷ್ಟು ಬರಲಿಲ್ಲ. ಕೊನೆಗೆ ಕ್ರೀಡಾ ವಿಭಾಗದ ಸಾಲದ ದೊಡ್ಡ ಭಾಗವನ್ನು ವಿಶ್ವವಿದ್ಯಾಲಯವೇ ತನ್ನ ಮೇಲೆ ಹಾಕಿಕೊಳ್ಳಬೇಕಾಯಿತು. ತರಗತಿ, ಪ್ರಯೋಗಾಲಯ, ವಿದ್ಯಾರ್ಥಿನಿಲಯಗಳಿಗೆ ಹೋಗಬಹುದಾಗಿದ್ದ ಹಣ ದಶಕಗಳ ಕಾಲ ಆ ಬಡ್ಡಿಗೆ ಹೋಗಬೇಕು. ಇಂದು ಹುಟ್ಟಿರದ ವಿದ್ಯಾರ್ಥಿಗಳೂ ಅದನ್ನು ತೀರಿಸುವವರ ಪಟ್ಟಿಯಲ್ಲಿದ್ದಾರೆ.

ಇದು ಟಿವಿ ಯುಗದ ರೋಗವೆಂದು ತಿಳಿದರೆ ತಪ್ಪಾಗುತ್ತದೆ. ಅಮೆರಿಕದಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಮೊದಲ ಪಂದ್ಯ 1852ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ವಿನಿಪಸಾಕಿ ಸರೋವರದಲ್ಲಿ ಹಾರ್ವರ್ಡ್ ಮತ್ತು ಯೇಲ್ ತಂಡಗಳು ಆಡಿದ ದೋಣಿ ಸ್ಪರ್ಧೆ. ಅದರ ಖರ್ಚು ಹೊತ್ತಿದ್ದು ಆ ಸರೋವರದ ಕಡೆಗೆ ಪ್ರಯಾಣಿಕರನ್ನು ಸೆಳೆಯಬೇಕೆಂದಿದ್ದ ಒಂದು ರೈಲ್ವೆ ಕಂಪನಿ. ವ್ಯಾಪಾರ ಮೊದಲ ದಿನದಿಂದಲೂ ಜೊತೆಗಿತ್ತು. ಆದರೆ ಅಂದು ಹಣ ಕೊಟ್ಟದ್ದು ಲಾಭ ಬಯಸಿದ ಕಂಪನಿ ಎಂಬುದನ್ನು ಮರೆಯಬಾರದು. ಹಾರ್ವರ್ಡ್‌ನ ಪ್ರತಿ ವಿದ್ಯಾರ್ಥಿಯಿಂದ ಯಾರೂ ಅದನ್ನು ಕಿತ್ತುಕೊಳ್ಳಲಿಲ್ಲ. 1929ರಲ್ಲೇ ಕಾರ್ನೆಗಿ ಪ್ರತಿಷ್ಠಾನದ ದೊಡ್ಡ ವರದಿಯೊಂದು ಕಾಲೇಜು ಫುಟ್‌ಬಾಲ್‌ನ ವ್ಯಾಪಾರೀಕರಣವನ್ನು ಕಟುವಾಗಿ ಟೀಕಿಸಿತ್ತು. ಆ ಟೀಕೆಯನ್ನು ಕಾರ್ಯರೂಪಕ್ಕೆ ತಂದವರೂ ಇದ್ದಾರೆ. ಬಿಗ್ ಟೆನ್‌ನ ಸ್ಥಾಪಕ ಸದಸ್ಯರಲ್ಲಿ ಒಂದಾದ ಷಿಕಾಗೊ ವಿಶ್ವವಿದ್ಯಾಲಯ, ಅಧ್ಯಕ್ಷ ರಾಬರ್ಟ್ ಹಚಿನ್ಸ್ ಅವರ ಕಾಲದಲ್ಲಿ, 1939ರಲ್ಲಿ ಫುಟ್‌ಬಾಲ್ ತಂಡವನ್ನೇ ರದ್ದುಮಾಡಿತು. ಅದರ ಖಾಲಿ ಕ್ರೀಡಾಂಗಣದ ಗ್ಯಾಲರಿಯ ಕೆಳಗೆ 1942ರ ಡಿಸೆಂಬರ್‌ 2ರಂದು ಎನ್ರಿಕೊ ಫರ್ಮಿಯವರ ತಂಡ ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಣಿ ಕ್ರಿಯೆಯನ್ನು ಸಾಧಿಸಿತು. ಷಿಕಾಗೊ ಮುಂದೆ 1969ರಲ್ಲಿ ಫುಟ್‌ಬಾಲನ್ನು ಮತ್ತೆ ಶುರುಮಾಡಿತು. ಇಂದು ಆಡುತ್ತಿರುವುದು ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲದ, ಎನ್‌ಸಿಎಎಯ ಮೂರನೇ ಶ್ರೇಣಿಯಲ್ಲಿ. ಆ ವಿಶ್ವವಿದ್ಯಾಲಯದ ಘನತೆ ಇದರಿಂದ ಕೂದಲೆಳೆಯಷ್ಟೂ ಕುಗ್ಗಿಲ್ಲ.

ಕ್ರೀಡೆಯಿಂದ ವಿಶ್ವವಿದ್ಯಾಲಯಕ್ಕೆ ಹೆಸರು ಬರುತ್ತದೆ, ಹೆಸರಿನಿಂದ ಅರ್ಜಿಗಳು ಬರುತ್ತವೆ, ಹಳೆಯ ವಿದ್ಯಾರ್ಥಿಗಳ ದೇಣಿಗೆ ಬರುತ್ತದೆ, ಹಾಗಾಗಿ ಶುಲ್ಕವನ್ನು ಪ್ರಚಾರದ ಖರ್ಚೆಂದು ತಿಳಿಯಬೇಕು ಎನ್ನುವವರಿದ್ದಾರೆ. ಈ ವಾದದಲ್ಲಿ ಹುರುಳೇ ಇಲ್ಲ ಎನ್ನಲಾಗದು. 1984ರಲ್ಲಿ ಬಾಸ್ಟನ್ ಕಾಲೇಜಿನ ಡಗ್ ಫ್ಲೂಟಿ ಪಂದ್ಯದ ಕೊನೆಯ ಕ್ಷಣದಲ್ಲಿ ಎಸೆದ ಚೆಂಡು ತಂಡವನ್ನು ಗೆಲ್ಲಿಸಿದ ಮೇಲೆ ಆ ಕಾಲೇಜಿಗೆ ಅರ್ಜಿಗಳು ಹೆಚ್ಚಿದವು. ಅಲ್ಲಿಂದ ಇಂಥ ಪರಿಣಾಮಕ್ಕೆ ಫ್ಲೂಟಿಯ ಹೆಸರೇ ಅಂಟಿತು. ಗೆದ್ದ ವರ್ಷ ಅರ್ಜಿಗಳು ಏರುವುದನ್ನು ಅರ್ಥಶಾಸ್ತ್ರಜ್ಞರೂ ಗುರುತಿಸಿದ್ದಾರೆ. ಆದರೆ ಗೆಲುವು ಬೇರೆ, ಗೆಲುವಿಗಾಗಿ ಮಾಡುವ ಖರ್ಚು ಬೇರೆ. ಪ್ರತಿ ಶನಿವಾರ ಎಷ್ಟು ತಂಡ ಗೆಲ್ಲುತ್ತವೆಯೋ ಅಷ್ಟೇ ತಂಡ ಸೋಲುತ್ತವೆ. ಎಲ್ಲರೂ ಖರ್ಚನ್ನು ಎರಡು ಪಟ್ಟು ಮಾಡಿದರೂ ಗೆಲುವುಗಳ ಸಂಖ್ಯೆ ಒಂದೂ ಹೆಚ್ಚುವುದಿಲ್ಲ. ಎನ್‌ಸಿಎಎ ತಾನೇ ಹಣ ಕೊಟ್ಟು ಮಾಡಿಸಿದ, 2003ರಲ್ಲಿ ಹೊರಬಂದ ಅಧ್ಯಯನವೊಂದು ಇದನ್ನೇ ಹೇಳಿತು: ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಮೇಲೆ ಹೆಚ್ಚುವರಿಯಾಗಿ ಸುರಿದ ಡಾಲರ್ ಸರಾಸರಿಯಲ್ಲಿ ಇನ್ನೊಂದು ಡಾಲರಷ್ಟೇ ತರುತ್ತದೆ, ನಿವ್ವಳ ಲಾಭ ಕಾಣುವುದಿಲ್ಲ, ಹಳೆಯ ವಿದ್ಯಾರ್ಥಿಗಳ ದೇಣಿಗೆಗೂ ಆ ಖರ್ಚಿಗೂ ಗಟ್ಟಿಯಾದ ನಂಟು ಸಿಗಲಿಲ್ಲ. ಪ್ರಚಾರವೇ ಉದ್ದೇಶವಾದರೆ ಅದರ ಫಲಾನುಭವಿ ವಿಶ್ವವಿದ್ಯಾಲಯದ ಆಡಳಿತ. ಒಳಗೆ ಬಂದಾಗಿರುವ ವಿದ್ಯಾರ್ಥಿ ಮುಂದೆ ಬರಬೇಕಾದವರನ್ನು ಸೆಳೆಯಲು ಯಾಕೆ ಹಣ ಕೊಡಬೇಕು?

ಇದಕ್ಕಿಂತ ಗಂಭೀರವಾದ ಆಕ್ಷೇಪವೊಂದಿದೆ, ಅದಕ್ಕೆ ಉತ್ತರಿಸದೆ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. ಶುಲ್ಕ ಹೋದರೆ ಮೊದಲು ಬಲಿಯಾಗುವುದು ಫುಟ್‌ಬಾಲ್ ಅಲ್ಲ. ಈಜು, ಕುಸ್ತಿ, ಟೆನಿಸ್, ಅಥ್ಲೆಟಿಕ್ಸ್‌ನಂಥ ಹಣ ತರದ ಆಟಗಳು, ಅವುಗಳ ಜೊತೆ ಹೆಣ್ಣುಮಕ್ಕಳ ತಂಡಗಳು ಎನ್ನುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಅಮೆರಿಕದ ಕ್ರೀಡಾಪಟುಗಳಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಕಾಲೇಜು ತಂಡಗಳಲ್ಲಿ ಪಳಗಿದವರು. ಆ ಅಂಗಳದಿಂದ ಲಾಭ ಪಡೆದವರಲ್ಲಿ ನಮ್ಮವರೂ ಇದ್ದಾರೆ. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯದ ಪರವಾಗಿ ಆಡಿ 2006ರಲ್ಲಿ ಎನ್‌ಸಿಎಎ ಡಿಸ್ಕಸ್ ಎಸೆತದ ಪ್ರಶಸ್ತಿ ಗೆದ್ದರು. ಮುಂದೆ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದರು. ಡಿಸ್ಕಸ್ ನೋಡಲು ಟಿಕೆಟ್ ಕೊಂಡು ಬರುವವರು ಎಲ್ಲಿಯೂ ಕಡಿಮೆ. ದೆಹಲಿಯ ತೇಜಸ್ವಿನ್ ಶಂಕರ್ ಕೂಡ ಕನ್ಸಾಸ್ ಸ್ಟೇಟ್‌ನಲ್ಲಿ ಓದುತ್ತಲೇ ಎತ್ತರ ಜಿಗಿತದಲ್ಲಿ ಎರಡು ಸಲ ಎನ್‌ಸಿಎಎ ಚಾಂಪಿಯನ್ ಆದರು. ಇಂಥ ಪ್ರತಿಭೆಗಳಿಗೆ ಅನ್ನ ಹಾಕಿದ ವ್ಯವಸ್ಥೆಯನ್ನು ಹಗುರವಾಗಿ ಕಾಣುವುದು ನನ್ನಿಂದ ಸಾಧ್ಯವಿಲ್ಲ.

ಆದರೆ ಈ ಆಟಗಳನ್ನು ಮುಂದಿಟ್ಟುಕೊಂಡು ಶುಲ್ಕವನ್ನು ಸಮರ್ಥಿಸುವವರು ಲೆಕ್ಕದ ಒಂದು ಪುಟವನ್ನು ಮುಚ್ಚಿಡುತ್ತಾರೆ. ಡಿಸ್ಕಸ್ ಎಸೆಯುವವನ ಖರ್ಚು ಎಷ್ಟು? ಒಂದು ಮೈದಾನ, ಒಬ್ಬ ತರಬೇತುದಾರ, ಕೆಲವು ಪ್ರಯಾಣ. ಕೋಚ್ ಒಬ್ಬರನ್ನು ಮನೆಗೆ ಕಳಿಸಲು ಕೊಟ್ಟ 7.6 ಕೋಟಿ ಡಾಲರ್‌ನಲ್ಲಿ ಇಂಥ ಎಷ್ಟೋ ತಂಡಗಳನ್ನು ವರ್ಷಗಟ್ಟಲೆ ಸಾಕಬಹುದು. ಸಣ್ಣ ಆಟಗಳ ಖರ್ಚನ್ನು ಹೆಚ್ಚಿಸಿದ್ದೂ ಫುಟ್‌ಬಾಲೇ. ಟಿವಿ ಹಣದ ಬೆನ್ನು ಹತ್ತಿ ಕೂಟಗಳು 2023ರಲ್ಲಿ ಚೆಲ್ಲಾಪಿಲ್ಲಿಯಾದವು. ನೂರು ವರ್ಷ ದಾಟಿದ ಪ್ಯಾಕ್-12 ಕೂಟದಿಂದ ಹತ್ತು ವಿಶ್ವವಿದ್ಯಾಲಯಗಳು ಎದ್ದುಹೋದವು. ಪೆಸಿಫಿಕ್ ತೀರದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಇಂದು ಇರುವುದು ಅಟ್ಲಾಂಟಿಕ್ ತೀರದ ಹೆಸರು ಹೊತ್ತ ಕೂಟದಲ್ಲಿ. ಲಾಸ್ ಏಂಜಲೀಸ್‌ನ ವಾಲಿಬಾಲ್ ಹುಡುಗಿಯರು ಲೀಗ್ ಪಂದ್ಯಕ್ಕಾಗಿ ನ್ಯೂಜೆರ್ಸಿಯವರೆಗೆ ಹಾರಬೇಕು, ತರಗತಿ ತಪ್ಪಿಸಿಕೊಂಡು, ಒಂದು ಖಂಡವನ್ನೇ ದಾಟಿ. ಆ ಆಟಗಳು ಕೇಳಿಯೇ ಇರದ ಈ ಪ್ರಯಾಣದ ಬಿಲ್ಲನ್ನು ಅವುಗಳ ಹೆಸರಿಗೆ ಬರೆದು, ನೋಡಿ ಇವು ಎಷ್ಟು ದುಬಾರಿ ಎನ್ನುವುದು ಸರಿಯಲ್ಲ. ಫುಟ್‌ಬಾಲ್ ದೇಶವ್ಯಾಪಿ ಆಡಲಿ, ಉಳಿದ ಆಟಗಳು ನೆರೆಹೊರೆಯ ವಿಶ್ವವಿದ್ಯಾಲಯಗಳ ಜೊತೆ ಬಸ್ಸಿನಲ್ಲಿ ಹೋಗಿಬರುವ ಲೀಗ್‌ಗಳಲ್ಲಿ ಆಡಲಿ, ಅವು ಉಳಿಯುತ್ತವೆ. ಹೆಣ್ಣುಮಕ್ಕಳ ತಂಡಗಳ ವಿಚಾರದಲ್ಲಿ 1972ರ ‘ಟೈಟಲ್ ನೈನ್’ ಕಾಯ್ದೆಯ ರಕ್ಷಣೆ ಇದೆ. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆ ಗಂಡು ಹೆಣ್ಣೆಂದು ಭೇದ ಮಾಡುವಂತಿಲ್ಲ, ಅವಕಾಶ ಸಮನಾಗಿರಬೇಕು. ಅದು ಕಾನೂನಿನ ಹೊಣೆ. ಆ ಹೊಣೆ ಹೊರಲು ಫುಟ್‌ಬಾಲ್ ಬಜೆಟ್ಟಿಗೆ ಕತ್ತರಿ ಹಾಕಬೇಕು, ಸಹಪಾಠಿಗಳ ಶುಲ್ಕಕ್ಕೆ ಕೈ ಹಾಕಬಾರದು.

ಬಡ ಮನೆಯ, ಅದರಲ್ಲೂ ಕಪ್ಪು ವರ್ಣೀಯ ಹುಡುಗರಿಗೆ ಕ್ರೀಡಾ ವಿದ್ಯಾರ್ಥಿವೇತನ ಕಾಲೇಜಿನ ಬಾಗಿಲು ತೆರೆದಿದೆ ಎಂಬುದು ನಿಜ. ಅದು ಉಳಿಯಬೇಕು. ಆದರೆ ಆ ವೇತನವನ್ನು ಇನ್ನೊಬ್ಬ ಬಡ ವಿದ್ಯಾರ್ಥಿಯ ಸಾಲದಿಂದ ಕೊಡುವುದು ಎಂಥ ಸಾಮಾಜಿಕ ನ್ಯಾಯ? ಗ್ರಂಥಾಲಯ ಬಳಸದವರೂ ಅದಕ್ಕೆ ಹಣ ಕೊಡುವುದಿಲ್ಲವೇ ಎಂದು ಕೇಳುವವರಿಗೂ ಉತ್ತರ ಕಷ್ಟವಲ್ಲ. ಗ್ರಂಥಾಲಯ, ಆರೋಗ್ಯ ಕೇಂದ್ರ, ಎಲ್ಲರಿಗೂ ತೆರೆದಿರುವ ಈಜುಕೊಳ ಇವೆಲ್ಲ ಯಾವ ವಿದ್ಯಾರ್ಥಿಯೂ ಯಾವ ದಿನವೂ ಹೊಕ್ಕು ಬಳಸಬಹುದಾದವು, ವಿಶ್ವವಿದ್ಯಾಲಯ ಇರುವುದೇ ಅಂಥವನ್ನು ಒದಗಿಸಲು. ಆಯ್ದ ಕೆಲವರಷ್ಟೇ ಕಾಲಿಡಬಹುದಾದ ತರಬೇತಿ ಭವನ, ಟಿವಿ ವಾಹಿನಿಗೆ ಮಾರಿದ ಪಂದ್ಯ ಆ ಸಾಲಿಗೆ ಸೇರುವುದಿಲ್ಲ.

ಹಾಗಾದರೆ ಬದಲಿ ಏನು? ದಾರಿಗಳು ಕಣ್ಣೆದುರಿಗೇ ಇವೆ. ಟೆನೆಸೀ ವಿಶ್ವವಿದ್ಯಾಲಯ ಆಟಗಾರರಿಗೆ ಪಾಲು ಕೊಡಲು ಬೇಕಾದ ಹಣಕ್ಕಾಗಿ 2025ರ ಫುಟ್‌ಬಾಲ್ ಟಿಕೆಟ್ಟಿನ ಮೇಲೆ ಶೇ 10ರಷ್ಟು ಹೆಚ್ಚುವರಿ ದರ ಹಾಕಿತು. ಟಿಕೆಟ್ ಕೊಳ್ಳುವವರು ಗೊಣಗಿರಬಹುದು, ಆದರೆ ಕೊಟ್ಟವರು ಆಟ ನೋಡುವವರೇ. ವರ್ಜೀನಿಯಾ ರಾಜ್ಯ 2015ರಲ್ಲಿ ಕಾಯ್ದೆ ತಂದು, ಸರ್ಕಾರಿ ವಿಶ್ವವಿದ್ಯಾಲಯಗಳ ಕ್ರೀಡಾ ಬಜೆಟ್ಟಿನಲ್ಲಿ ವಿದ್ಯಾರ್ಥಿ ಶುಲ್ಕದ ಪಾಲಿಗೆ ಮಿತಿ ಹಾಕಿತು. ದೊಡ್ಡ ಕೂಟಗಳಲ್ಲಿ ಆಡುವವರಿಗೆ ಶೇ 20, ಅದರ ಕೆಳಗಿನ ಫುಟ್‌ಬಾಲ್ ಶ್ರೇಣಿಗೆ ಶೇ 55. ಮಿತಿ ತೀರಾ ಸಡಿಲ, ಜೇಮ್ಸ್ ಮ್ಯಾಡಿಸನ್‌ನ ಶುಲ್ಕವೇ ಅದಕ್ಕೆ ಪುರಾವೆ. ಆದರೂ ಶಾಸನಸಭೆ ಈ ವಿಷಯದಲ್ಲಿ ಕೈ ಹಾಕಬಹುದು ಎಂದು ಅದು ತೋರಿಸಿದೆ. ನನ್ನ ಪ್ರಕಾರ ಆ ಮಿತಿ ವರ್ಷ ವರ್ಷ ಇಳಿದು ಶೂನ್ಯಕ್ಕೆ ಬರಬೇಕು. ಅಲ್ಲಿಯವರೆಗೆ ಶುಲ್ಕ ಏರಿಸುವ ಮೊದಲು ವಿದ್ಯಾರ್ಥಿಗಳ ಮತಕ್ಕೆ ಹಾಕಬೇಕು, ಮತ ಹೇಳಿದ್ದನ್ನು ಆಡಳಿತ ಮಂಡಳಿ ಪಾಲಿಸಬೇಕು. ಗಳಿಕೆ ಸಾಲದ ವಿಶ್ವವಿದ್ಯಾಲಯ ಕೆಳಗಿನ ಶ್ರೇಣಿಗೆ ಇಳಿಯಲಿ. ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ ವಿಶ್ವವಿದ್ಯಾಲಯ 2025ರ ಮಾರ್ಚ್‌ನಲ್ಲಿ, ಅದರ ಬ್ಯಾಸ್ಕೆಟ್‌ಬಾಲ್ ತಂಡ ರಾಷ್ಟ್ರೀಯ ಟೂರ್ನಿಯಲ್ಲಿ ಆಡಿದ ಕೆಲವೇ ದಿನಗಳಲ್ಲಿ, ಮೊದಲ ಶ್ರೇಣಿ ಬಿಟ್ಟು ಮೂರನೆಯದಕ್ಕೆ ಹೋಗುವುದಾಗಿ ಪ್ರಕಟಿಸಿತು. ಅದಕ್ಕೆ ಧೈರ್ಯ ಬೇಕು. ಸುಮಾರು 430 ಸಂಸ್ಥೆಗಳಿರುವ ಮೂರನೇ ಶ್ರೇಣಿಯಲ್ಲಿ ಮಕ್ಕಳು ವೇತನವಿಲ್ಲದೆ, ಆಟದ ಪ್ರೀತಿಗಾಗಿಯೇ ಆಡುತ್ತಾರೆ. ಅಲ್ಲಿಯೂ ಗೆಲುವಿದೆ, ಸೋಲಿದೆ, ಗ್ಯಾಲರಿಯಲ್ಲಿ ಕೂಗುವ ಗೆಳೆಯರಿದ್ದಾರೆ.

ಈ ವಿಷಯ ಕನ್ನಡ ಓದುಗರಿಗೆ ದೂರದ್ದಲ್ಲ. 2023–24ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯರು 3.31 ಲಕ್ಷಕ್ಕೂ ಹೆಚ್ಚು. ಬೇರಾವ ದೇಶದಿಂದಲೂ ಅಷ್ಟು ಮಂದಿ ಹೋಗಿರಲಿಲ್ಲ. ಅವರಲ್ಲಿ ಬಹುಪಾಲು ಸ್ನಾತಕೋತ್ತರ ವ್ಯಾಸಂಗಕ್ಕೆ ಹೋದವರು, ಮನೆ ಅಥವಾ ಸೈಟು ಅಡ ಇಟ್ಟು ಬ್ಯಾಂಕ್ ಸಾಲ ತೆಗೆದವರ ಮಕ್ಕಳು ಅವರಲ್ಲಿ ಅನೇಕರು. ಹಲವು ವಿಶ್ವವಿದ್ಯಾಲಯಗಳಲ್ಲಿ ಅವರೂ ಈ ಶುಲ್ಕ ಕಟ್ಟುತ್ತಾರೆ. ಅಮೆರಿಕದ ಮತದಾರರಿಗಿರುವಂತೆ ತಮ್ಮ ರಾಜ್ಯದ ಶಾಸಕರ ಬಾಗಿಲು ಬಡಿಯುವ ಅವಕಾಶ ಅವರಿಗಿಲ್ಲ. ವೀಸಾ ನಿಯಮಗಳ ಕಾರಣ, ಆಡಲು ಹೋದ ವಿದೇಶಿ ವಿದ್ಯಾರ್ಥಿಗೂ ಈ ಹೊಸ ಹಣ ಸುಲಭವಾಗಿ ದಕ್ಕುವುದಿಲ್ಲ. ಮಕ್ಕಳನ್ನು ಅಲ್ಲಿಗೆ ಕಳಿಸಲು ಹೊರಟ ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟೇ. ಪ್ರವೇಶ ಪತ್ರ ಕೈಗೆ ಬಂದ ಮೇಲೆ ‘ಕಡ್ಡಾಯ ಶುಲ್ಕಗಳು’ ಎಂಬ ಸಾಲಿನ ಮುಂದೆ ನಿಲ್ಲಿ. ಅದರಲ್ಲಿ ಏನೇನು ಸೇರಿದೆ, ಕ್ರೀಡಾ ವಿಭಾಗಕ್ಕೆ ಎಷ್ಟು, ಕ್ರೀಡಾಂಗಣದ ಸಾಲಕ್ಕೆ ಎಷ್ಟು ಎಂದು ಬಿಡಿಸಿ ಕೊಡಲು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದು ಕೇಳಿ. ಎರಡು ವಿಶ್ವವಿದ್ಯಾಲಯಗಳ ನಡುವೆ ಆಯ್ಕೆ ಮಾಡುವಾಗ ಆ ಉತ್ತರವನ್ನೂ ತಕ್ಕಡಿಗೆ ಹಾಕಿ. ಹಣ ಕೊಡುವವರು ಕೇಳಲು ಶುರು ಮಾಡಿದ ದಿನ ಆಡಳಿತ ಮಂಡಳಿಗಳೂ ಉತ್ತರ ಹುಡುಕಲೇಬೇಕಾಗುತ್ತದೆ.